ಒಂದೇ ಆಸಿಲೇಟರ್ ಸಾಕಾ? ನಾಟಕಕ್ಕೆ, ಕಿರುಚಿತ್ರಕ್ಕೆ ಸಿಂಥ್ ಆರಿಸುವವರಿಗೆ

ಕಳೆದ ಮಳೆಗಾಲದಲ್ಲಿ ಸಾಗರದ ಹತ್ತಿರ ಒಂದು ನಾಟಕದ ತಾಲೀಮು ನಡೆಯುತ್ತಿತ್ತು. ಬೆಳಗಿನ ಜಾವದ ದೃಶ್ಯಕ್ಕೆ ಹಿನ್ನೆಲೆ ನಾದ ಮಾಡಿಕೊಡುವ ಕೆಲಸ ನನ್ನದು. ಎರಡು ರಾತ್ರಿ ಕೂತು ಲ್ಯಾಪ್‌ಟಾಪಿನ ಸಿಂಥ್‌ನಲ್ಲಿ (ಸಿಂಥಸೈಜರ್, ಸದ್ದನ್ನು ತಾನೇ ಹುಟ್ಟಿಸುವ ಯಂತ್ರ ಅಥವಾ ಸಾಫ್ಟ್‌ವೇರ್) ಒಂದು ಸದ್ದು ಕಟ್ಟಿದ್ದೆ. ಸದ್ದು ಹುಟ್ಟಿಸಲು ಮೂರು ಆಸಿಲೇಟರ್, ಸೋಸಲು ಎರಡು ಫಿಲ್ಟರ್, ನಿಧಾನ ಅಲುಗಿಸಲು ನಾಲ್ಕು ಎಲ್‌ಎಫ್‌ಒ, ಅದರ ಮೇಲೆ ಗುಂಗು ಸೇರಿಸುವ ರಿವರ್ಬ್. ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದಾಗ ಮೈ ಜುಮ್ಮೆಂದಿತ್ತು.

ತಾಲೀಮಿನಲ್ಲಿ ನುಡಿಸಿದೆ. ನಿರ್ದೇಶಕರು ಕಣ್ಣು ಮುಚ್ಚಿ ಕೇಳಿದರು. 'ಚೆನ್ನಾಗಿದೆ. ಆದರೆ ಇನ್ನೂ ಬೆಳಕು ಹರಿದಿಲ್ಲ ಅಲ್ವಾ, ಸ್ವಲ್ಪ ಮಂಕು ಮಾಡಿ' ಅಂದರು. ಅವರು ಕೇಳಿದ್ದು ಅಷ್ಟೇ. ಯಾವ ನಾಬ್ ತಿರುಗಿಸಬೇಕು ಅಂತ ನನಗೆ ತಿಳಿಯಲಿಲ್ಲ. ಒಂದು ಫಿಲ್ಟರ್ ಮುಚ್ಚಿದರೆ ಇನ್ನೊಂದರಿಂದ ಸದ್ದು ಸೋರುತ್ತಿತ್ತು. ಒಂದು ಎಲ್‌ಎಫ್‌ಒ ಕಡಿಮೆ ಮಾಡಿದರೆ ಶ್ರುತಿಯೇ ಕದಲುತ್ತಿತ್ತು. ನಟರು ನಿಂತಲ್ಲೇ ನಿಂತಿದ್ದರು. ಹತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಎಲ್ಲ ಅಳಿಸಿ, ಒಂದೇ ಆಸಿಲೇಟರ್, ಒಂದೇ ಫಿಲ್ಟರ್ ಇಟ್ಟೆ. ಮಂದ್ರದಲ್ಲಿ ಒಂದು ಸ್ವರ ಹಿಡಿದು ಕಟಾಫ್, ಅಂದರೆ ಫಿಲ್ಟರ್ ಎಲ್ಲಿಂದ ಮೇಲಿನದನ್ನು ತಡೆಯಬೇಕು ಅನ್ನುವ ನಾಬ್, ಮೆಲ್ಲಗೆ ಕೆಳಗಿಳಿಸಿದೆ. 'ಹಾಂ, ಅಲ್ಲೇ ಬಿಡಿ' ಅಂದರು. ಪ್ರದರ್ಶನಕ್ಕೆ ಹೋಗಿದ್ದು ಆ ಸದ್ದೇ.

ಶಿವಮೊಗ್ಗದಲ್ಲಿ ಈಗ ಕಿರುಚಿತ್ರ ಮಾಡುವವರು, ನಾಟಕಕ್ಕೆ ಸದ್ದು ಮಾಡುವವರು ಜಾಸ್ತಿ ಆಗಿದ್ದಾರೆ. ಆಗಾಗ ಯಾರಾದರೂ ಬಂದು 'ಅಣ್ಣ, ಯಾವ ಸಿಂಥ್ ತಗೊಳ್ಳಲಿ?' ಅಂತ ಕೇಳುತ್ತಾರೆ. ಆ ತಾಲೀಮಿನ ನಂತರ ನಾನು ಅವರನ್ನು ಮೊದಲು ಕೇಳುವುದು ಇದನ್ನೇ: ಎದುರಿಗೆ ಕೂತವರು 'ಸ್ವಲ್ಪ ಮಂಕು ಮಾಡು' ಅಂದಾಗ ನಿನ್ನ ಕೈ ಎಲ್ಲಿಗೆ ಹೋಗಬೇಕು ಅಂತ ಆ ಯಂತ್ರದಲ್ಲಿ ನಿನಗೆ ಗೊತ್ತಾಗುತ್ತದಾ? ಕೆಳಗಿನ ಹೋಲಿಕೆಯೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದು. ಎಷ್ಟು ಆಸಿಲೇಟರ್ ಇದೆ, ಎಷ್ಟು ಪ್ರೀಸೆಟ್ (ಮೊದಲೇ ಮಾಡಿಟ್ಟ ಸದ್ದು) ಇದೆ ಅನ್ನುವುದು ಆಮೇಲಿನ ಮಾತು.

ಮೊದಲು ಸದ್ದಿನ ದಾರಿ

ಸಿಂಥ್‌ನೊಳಗೆ ಸದ್ದು ಹರಿಯುವುದು ಅಡಿಕೆ ತೋಟದ ಕಾಲುವೆಯಲ್ಲಿ ನೀರು ಹರಿದ ಹಾಗೆ. ಆಸಿಲೇಟರ್‌ನಲ್ಲಿ ಹುಟ್ಟುತ್ತದೆ, ಫಿಲ್ಟರ್‌ನಲ್ಲಿ ಸೋಸಿಕೊಳ್ಳುತ್ತದೆ, ಆಂಪ್ಲಿಫೈಯರ್ ದಾಟಿ ಹೊರಗೆ ಬರುತ್ತದೆ. ಎಷ್ಟು ಬೇಗ ಏರಬೇಕು (ಅಟ್ಯಾಕ್), ಏರಿದ ಮೇಲೆ ಎಷ್ಟು ಬೇಗ ಇಳಿಯಬೇಕು (ಡಿಕೇ), ಕೀಲಿ ಒತ್ತಿರುವವರೆಗೆ ಯಾವ ಮಟ್ಟದಲ್ಲಿ ನಿಲ್ಲಬೇಕು (ಸಸ್ಟೇನ್), ಕೀಲಿ ಬಿಟ್ಟಮೇಲೆ ಎಷ್ಟು ನಿಧಾನ ಆರಬೇಕು ಅಂತ ಹೇಳುವುದು ಎನ್ವಲಪ್. ಎಲ್‌ಎಫ್‌ಒ ಅಂದರೆ ಕಿವಿಗೆ ಸ್ವರವಾಗಿ ಕೇಳಿಸದಷ್ಟು ನಿಧಾನದ ತೂಗು. ಅದನ್ನು ಶ್ರುತಿಗೆ ಕಟ್ಟಿದರೆ ಸ್ವರ ನಡುಗುತ್ತದೆ, ಫಿಲ್ಟರ್‌ಗೆ ಕಟ್ಟಿದರೆ ಸದ್ದು ಉಸಿರಾಡಿದ ಹಾಗೆ ಕೇಳುತ್ತದೆ.

ಇಷ್ಟು ಸಣ್ಣ ದಾರಿಯಲ್ಲಿ ಏನು ಸಿಗುತ್ತದೆ ಅಂತ ಸಂಶಯ ಬೇಡ. ಗರಗಸದ ಹಲ್ಲಿನ ಆಕಾರದ ಸಾಟೂತ್ ಅಲೆಯನ್ನೇ ನೋಡಿ. 110 ಹರ್ಟ್ಸ್‌ನ ಒಂದು ಸ್ವರ ಹಿಡಿದರೆ ಅದರೊಳಗೆ 110 ಮಾತ್ರ ಇರುವುದಿಲ್ಲ. 220, 330, 440 ಹೀಗೆ ಎಲ್ಲ ಪಟ್ಟುಗಳೂ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧ ಜೋರು, ಮೂರನೆಯದು ಮೂರನೇ ಒಂದರಷ್ಟು. ಸ್ಕ್ವೇರ್ ಅಲೆಯಲ್ಲಿ 110, 330, 550, ಅಂದರೆ ಬೆಸ ಪಟ್ಟುಗಳು ಮಾತ್ರ. ಅದಕ್ಕೇ ಅದು ಬಿದಿರಿನ ಕೊಳವೆಯೊಳಗಿಂದ ಬಂದ ಹಾಗೆ ಪೊಳ್ಳಾಗಿ ಕೇಳುತ್ತದೆ. ತ್ರಿಕೋನ ಅಲೆಯಲ್ಲೂ ಬೆಸ ಪಟ್ಟುಗಳೇ ಇದ್ದರೂ ಅವು ಬೇಗ ಸಣ್ಣಗಾಗುವುದರಿಂದ ಸದ್ದು ಮೆತ್ತಗೆ. ಒಂದು ಆಸಿಲೇಟರ್‌ನಲ್ಲೇ ಇಷ್ಟೆಲ್ಲ ತುಂಬಿದೆ. ಬೇಡದ್ದನ್ನು ಫಿಲ್ಟರ್‌ನಲ್ಲಿ ತೆಗೆಯುವುದೇ ನಮ್ಮ ಕೆಲಸ.

ಒಂದು ಆಸಿಲೇಟರ್, ಒಂದು ಕಂಠ

ಈ ಬಗೆಯಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು 1982ರ ರೋಲ್ಯಾಂಡ್ ಕಂಪನಿಯ ಎಸ್‌ಎಚ್-101. ಒಂದೇ ಆಸಿಲೇಟರ್. ಸಾಟೂತ್, ಪಲ್ಸ್ (ಸ್ಕ್ವೇರ್‌ನ ಬಳಗ), ಕೆಳ ಸ್ಥಾಯಿಯ ಸಬ್ ಆಸಿಲೇಟರ್, ನಾಯ್ಸ್ (ಶ್ರುತಿಯಿಲ್ಲದ ಸುಸ್ಸೆನ್ನುವ ಸದ್ದು), ಈ ನಾಲ್ಕಕ್ಕೂ ಒಂದೊಂದು ಸ್ಲೈಡರ್. ಒಂದು ಫಿಲ್ಟರ್, ಒಂದು ಎನ್ವಲಪ್, ಒಂದು ಎಲ್‌ಎಫ್‌ಒ. ಒಮ್ಮೆಗೆ ಒಂದೇ ಸ್ವರ. ಮೆನು ಇಲ್ಲ, ಪರದೆ ಇಲ್ಲ. ಮುಖ ನೋಡಿದರೆ ಸದ್ದಿನ ದಾರಿಯೇ ಎಡದಿಂದ ಬಲಕ್ಕೆ ಬರೆದಿಟ್ಟ ಹಾಗಿದೆ. ಬ್ಯಾಟರಿಯಲ್ಲೂ ಓಡುತ್ತಿತ್ತು, ಹೆಗಲಿಗೆ ನೇತುಹಾಕಿಕೊಂಡು ನುಡಿಸಬಹುದಿತ್ತು. ಹಳೆಯದರ ಬೆಲೆ ಈಗ ಲಕ್ಷ ದಾಟಿದೆ. ಅದರ ಆಸೆ ಬಿಡಿ. ಅದೇ ವಿನ್ಯಾಸವನ್ನು ಅನುಸರಿಸಿದ ಹೊಸ ಯಂತ್ರಗಳೂ ಪ್ಲಗಿನ್‌ಗಳೂ (ಲ್ಯಾಪ್‌ಟಾಪಿನಲ್ಲಿ ಓಡುವ ಸಿಂಥ್‌ಗಳು) ಬೇಕಾದಷ್ಟಿವೆ.

ನನಗೆ ಈ ಬಗೆಯ ಮೇಲೆ ಪ್ರೀತಿ ಬರಲು ಕಾರಣ ಒಂದು ಸಂಜೆಯ ಕೆಲಸ. ಮಳೆಯ ದೃಶ್ಯಕ್ಕೆ ಸೂರಿನಿಂದ ಹನಿ ತೊಟ್ಟಿಕ್ಕುವ ಸದ್ದು ಬೇಕಿತ್ತು. ರೆಕಾರ್ಡ್ ಮಾಡಬಹುದಿತ್ತು. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಒಂದು ಹನಿಯನ್ನು ಮಾತ್ರ ರೆಕಾರ್ಡ್ ಮಾಡುವುದು ಆಗದ ಮಾತು. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಹನಿಯ ಹಿಂದೆ ಹೆಂಚು, ಹೆಂಚಿನ ಹಿಂದೆ ಕಾಡು, ಎಲ್ಲ ಒಟ್ಟಿಗೆ ಸುರಿಯುತ್ತಿರುತ್ತವೆ. ಅದಕ್ಕೇ ಸಿಂಥ್‌ನಲ್ಲೇ ಮಾಡಲು ಕೂತೆ.

ಆಸಿಲೇಟರ್‌ನ ಸ್ಲೈಡರ್‌ಗಳನ್ನೆಲ್ಲ ಸೊನ್ನೆಗೆ ತಂದೆ. ಕಟಾಫ್ ಹತ್ತಿರದ ಸದ್ದನ್ನು ಎತ್ತಿ ಕೊಡುವ ರೆಸೊನೆನ್ಸ್ ಪೂರ್ತಿ ಏರಿಸಿದೆ. ಹಾಗೆ ಮಾಡಿದರೆ ಈ ಬಗೆಯ ಫಿಲ್ಟರ್ ತಾನೇ ಸಿಳ್ಳೆ ಹೊಡೆಯಲು ಶುರು ಮಾಡುತ್ತದೆ, ಬೇರೆ ಪಟ್ಟುಗಳೇ ಇಲ್ಲದ ಒಂದು ಶುದ್ಧ ಸೈನ್ ಅಲೆ ಬರುತ್ತದೆ. ಎನ್ವಲಪ್‌ನಲ್ಲಿ ಸಸ್ಟೇನ್ ಸೊನ್ನೆ, ಡಿಕೇ ತೀರಾ ಚಿಕ್ಕದು. ಕೀಲಿ ಒತ್ತಿದರೆ 'ಟಿಕ್' ಅಂದಿತು. ಅದು ಇನ್ನೂ ಹನಿಯಲ್ಲ, ಮರದ ತುಂಡು. ನೀರಿಗೆ ಬಿದ್ದ ಹನಿ 'ಟಿಳಕ್' ಅನ್ನುವುದು ನೀರೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯಿಂದ, ಆ ಸದ್ದು ಕೊನೆಗೆ ತುಸು ಮೇಲಕ್ಕೇರುತ್ತದೆ. ಆ ಏರಿಕೆಗಾಗಿ ಅಟ್ಯಾಕ್ ಕೂದಲೆಳೆಯಷ್ಟು ಜಾಸ್ತಿ ಮಾಡಿ, ಎನ್ವಲಪ್‌ನಿಂದ ಕಟಾಫ್ ಸ್ವಲ್ಪ ಮೇಲಕ್ಕೆ ತಳ್ಳಿದೆ. ಟಿಳಕ್. ಬಚ್ಚಲ ಹಂಡೆಗೆ ಬಿದ್ದ ಹನಿಯೇ ಅದು. ಒಳಮನೆಯಿಂದ ಅಮ್ಮ 'ನಲ್ಲಿ ಸರಿಯಾಗಿ ನಿಲ್ಲಿಸು' ಅಂತ ಕೂಗಿದರು.

ಅದೇ ಜೋಡಣೆಯಲ್ಲಿ ಕಟಾಫ್ ತೀರಾ ಕೆಳಗಿಳಿಸಿ, ಅಟ್ಯಾಕ್ ಸೊನ್ನೆ ಮಾಡಿ, ಡಿಕೇ ಸ್ವಲ್ಪ ಉದ್ದ ಮಾಡಿದರೆ ಚರ್ಮವಾದ್ಯದ ಪೆಟ್ಟು ಬರುತ್ತದೆ. ಚಂಡೆಯ ಬದಲಿಗೆ ಇಡಲು ಹೋಗಬೇಡಿ, ಚಂಡೆ ಕೇಳಿ ಬೆಳೆದ ಕಿವಿಗೆ ಅದು ಒಪ್ಪುವುದಿಲ್ಲ. ದೂರದ ಗುಡುಗಿಗೆ, ಎದೆ ಬಡಿತಕ್ಕೆ ಚೆನ್ನಾಗಿ ಒದಗುತ್ತದೆ. ನಾಯ್ಸ್ ಮಾತ್ರ ಏರಿಸಿ ಫಿಲ್ಟರ್ ಅರ್ಧ ಮುಚ್ಚಿದರೆ ಹೆಂಚಿನ ಮೇಲಿನ ಮಳೆ. ಇನ್ನೂ ಮುಚ್ಚಿದರೆ ಅದೇ ಮಳೆ ಗುಡ್ಡದಾಚೆ ಹೋಗುತ್ತದೆ. ಹನಿ, ಗುಡುಗು, ಮಳೆ ಮೂರೂ ಹುಟ್ಟಿದ್ದು ನಾಲ್ಕೈದು ಸ್ಲೈಡರ್‌ಗಳಿಂದ. ಯಾವುದನ್ನು ಎಲ್ಲಿಟ್ಟಿದ್ದೆ ಅಂತ ಇವತ್ತು ಕೇಳಿದರೂ ಹೇಳಬಲ್ಲೆ.

ಇನ್ನೊಂದು ಸಾಕ್ಷಿ ನಮ್ಮ ದೇಶದ್ದೇ. 1982ರಲ್ಲಿ ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಇಟ್ಟುಕೊಂಡು ಹತ್ತು ರಾಗಗಳನ್ನು ರೆಕಾರ್ಡ್ ಮಾಡಿದರು. ಅದರಲ್ಲಿ 303 ಅನ್ನುವುದು ಒಂದೇ ಆಸಿಲೇಟರ್‌ನ ಪೆಟ್ಟಿಗೆ. ಸಾಟೂತ್ ಅಥವಾ ಸ್ಕ್ವೇರ್, ಎರಡರಲ್ಲಿ ಒಂದು. ಸದ್ದು ತಿದ್ದಲು ಇರುವುದು ಆರು ನಾಬ್. ಜೊತೆಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್. ರಾಗಕ್ಕೆ ಮುಖ್ಯವಾಗಿ ಬೇಕಾದದ್ದು ಆ ಜಾರುವಿಕೆಯೇ ಅಲ್ವಾ? ಒಂಟಿ ಕಂಠದ ಸಿಂಥ್ ನಮ್ಮ ಸಂಗೀತಕ್ಕೆ ಹತ್ತಿರ ಅಂತ ನಾನು ನಂಬಿರುವುದು ಇದಕ್ಕೇ. ನಾವು ಹಾಡುವುದೂ ಒಂದು ಕಂಠದಲ್ಲಿ, ಕೆಳಗೊಂದು ಶ್ರುತಿ ಇಟ್ಟುಕೊಂಡು.

ಆಗದ ಕೆಲಸವೂ ಇದೆ. ಎರಡು ಸ್ವರ ಒಟ್ಟಿಗೆ ಬೇಕು ಅಂದರೆ ಇದು ಕೈ ಚೆಲ್ಲುತ್ತದೆ.

ಜೂನೋ ಬಗೆ: ಹಲವು ಕಂಠ, ದಾರಿ ಮಾತ್ರ ಅದೇ

ಎರಡು ಮೂರು ಸ್ವರ ಸೇರಿಸಿ ಹಿಡಿಯಬೇಕು, ದೃಶ್ಯದ ಕೆಳಗೆ ಹಾಸಿಗೆ ಹಾಸಿದ ಹಾಗೆ ನಾದ ಹರಡಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಇದು. 1984ರ ರೋಲ್ಯಾಂಡ್ ಜೂನೋ-106ರಲ್ಲಿ ಆರು ಕಂಠ. ಪ್ರತಿ ಕಂಠಕ್ಕೂ ಒಂದೇ ಆಸಿಲೇಟರ್. ಒಂದೇ ಎನ್ವಲಪ್ ಫಿಲ್ಟರ್‌ಗೂ ಜೋರಿಗೂ ಸೇರಿ. ಕಾಗದದ ಮೇಲೆ ನೋಡಿದರೆ ಬಡ ಯಂತ್ರ. ಕೇಳಿದರೆ ಹಾಗೆ ಅನ್ನಿಸುವುದಿಲ್ಲ. ಕಾರಣ, ಕೊನೆಯಲ್ಲಿರುವ ಕೋರಸ್‌ನ ಎರಡು ಗುಂಡಿ.

ಕೋರಸ್ ಮಾಡುವುದು ಸರಳ ಕೆಲಸ. ಸದ್ದಿನ ಒಂದು ನಕಲನ್ನು ಕೆಲವೇ ಮಿಲಿಸೆಕೆಂಡ್ ತಡ ಮಾಡುತ್ತದೆ, ಆ ತಡವನ್ನು ನಿಧಾನವಾಗಿ ಹಿಗ್ಗಿಸಿ ಕುಗ್ಗಿಸುತ್ತದೆ. ಆಗ ನಕಲಿನ ಶ್ರುತಿ ತುಸು ಅತ್ತಿತ್ತ ಆಡಿ, ಮೂಲದ ಜೊತೆ ಸೇರಿ ಅಲೆಯುತ್ತದೆ. ಭಜನೆಯಲ್ಲಿ ಹತ್ತು ಜನ ಒಂದೇ ಸ್ವರ ಹಿಡಿದಾಗ ಯಾರೂ ಕೂದಲಿನಷ್ಟೂ ಸರಿಯಾಗಿ ಹಿಡಿದಿರುವುದಿಲ್ಲ. ಆ ದುಂಡುತನ ಬರುವುದು ಅದರಿಂದಲೇ.

ಎರಡು ಆಸಿಲೇಟರ್‌ನ ಸಿಂಥ್‌ನಲ್ಲಿ ಇದೇ ಗುಣವನ್ನು ಶ್ರುತಿ ಬಿಡಿಸಿ ತರುತ್ತಾರೆ. ಒಂದನ್ನು 130.8 ಹರ್ಟ್ಸ್‌ನಲ್ಲಿಟ್ಟು ಇನ್ನೊಂದನ್ನು 131.3ಕ್ಕೆ ತಂದರೆ ವ್ಯತ್ಯಾಸ ಅರ್ಧ ಹರ್ಟ್ಸ್. 2 ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತದೆ. ಶ್ರುತಿ ಪೆಟ್ಟಿಗೆಯ ಹಾಗೆ ಜೀವ ಇರುವ ಆಧಾರ ನಾದ ಬೇಕಿದ್ದರೆ ಈ ದಾರಿ ಚೆನ್ನ, ಎಷ್ಟು ವೇಗದಲ್ಲಿ ಉಬ್ಬಬೇಕು ಅನ್ನುವುದು ನಮ್ಮ ಕೈಯಲ್ಲೇ ಇರುತ್ತದೆ. ಆದರೆ ಮೂರನೆಯ ಆಸಿಲೇಟರ್ ಸೇರಿದ ಮೇಲೆ ಉಬ್ಬುಗಳು ಒಂದರೊಳಗೊಂದು ಸಿಕ್ಕಿಕೊಂಡು ಮಾತಿನ ಕೆಳಗೆ ಕೂರುವುದಿಲ್ಲ. ನಟರ ಮಾತು ಮುಳುಗಿದರೆ ಎಷ್ಟು ಸುಂದರ ಸದ್ದಿದ್ದು ಏನು ಬಂತು?

ಹಳೆಯ 106 ಕೊಳ್ಳುವ ಯೋಚನೆ ಬೇಡ. ಅದರ ಧ್ವನಿಯ ಚಿಪ್‌ಗಳು ವಯಸ್ಸಾಗಿ ಕೆಡುವುದು ಎಲ್ಲರಿಗೂ ಗೊತ್ತಿರುವ ವಿಷಯ, ನಮ್ಮೂರಲ್ಲಿ ರಿಪೇರಿ ಸಿಗುವುದು ಕಷ್ಟ. ಯು-ಹೀ ಕಂಪನಿಯ ಟೈರೆಲ್ ಎನ್6 ಅನ್ನುವ ಪ್ಲಗಿನ್ ಜೂನೋ-60ರ ಗುಣವನ್ನು ಇಟ್ಟುಕೊಂಡು ಮಾಡಿದ್ದು, ಅದು ಉಚಿತ. ಕೈಗೆ ಸಿಗುವ ಯಂತ್ರವೇ ಬೇಕು ಅಂದರೆ 2013ರ ಕೋರ್ಗ್ ವೋಲ್ಕಾ ಕೀಸ್ ನೋಡಿ. ಮೂರು ಕಂಠ, ಪುಸ್ತಕದಷ್ಟು ಅಗಲ, ಒಳಗೇ ಪುಟ್ಟ ಸ್ಪೀಕರ್. ಆರು ಸಣ್ಣ ಸೆಲ್ ಹಾಕಿದರೆ ಓಡುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಅದರ ಕೀಲಿಗಳು ಮುಟ್ಟು ಪಟ್ಟಿ, ಒತ್ತುವ ಕೀಲಿಗಳಲ್ಲ. ಹಾರ್ಮೋನಿಯಂ ಕೈ ಇದ್ದವರಿಗೆ ಅದು ಹಿಡಿಸುವುದಿಲ್ಲ, ಬೇರೆ ಕೀಬೋರ್ಡ್ ಜೋಡಿಸಬೇಕಾಗುತ್ತದೆ.

ಎಫ್‌ಎಂ: ಗಂಟೆ ಬೇಕಾದವರಿಗೆ

ಗಂಟೆ, ಜಾಗಟೆ, ತಾಳ, ಕಂಚಿನ ಪಾತ್ರೆ. ಲೋಹದ ಸದ್ದು ಬೇಕಾದಾಗ ಫಿಲ್ಟರ್ ದಾರಿ ಸೋಲುತ್ತದೆ. ಸಾಟೂತ್‌ನ ಪಟ್ಟುಗಳು ಲೆಕ್ಕಕ್ಕೆ ಸರಿಯಾಗಿ ಜೋಡಿಸಿಕೊಂಡಿವೆ, ಲೋಹದವು ಹಾಗಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಇದಕ್ಕೊಂದು ದಾರಿ ಕಂಡುಕೊಂಡು 1973ರಲ್ಲಿ ಪ್ರಕಟಿಸಿದರು. ಒಂದು ಸೈನ್ ಅಲೆಯಿಂದ ಇನ್ನೊಂದರ ಶ್ರುತಿಯನ್ನು ಬಹಳ ವೇಗವಾಗಿ ಅಲುಗಿಸುವುದು. ಇದೇ ಎಫ್‌ಎಂ. ಅದನ್ನೇ ಪಡೆದು ಯಮಾಹ 1983ರಲ್ಲಿ ಡಿಎಕ್ಸ್7 ಮಾಡಿತು. ಆರು ಆಪರೇಟರ್ (ತನ್ನದೇ ಎನ್ವಲಪ್ ಇರುವ ಒಂದೊಂದು ಸೈನ್ ಅಲೆ), ಅವನ್ನು ಜೋಡಿಸುವ 32 ಬಗೆ, 16 ಸ್ವರ ಒಟ್ಟಿಗೆ. ತಿದ್ದಲು ನೂರಕ್ಕೂ ಜಾಸ್ತಿ ಅಂಕಿಗಳು, ನೋಡಲು ಒಂದು ಪುಟ್ಟ ಪರದೆ. ಆ ಕಾಲದ ಬಹುಪಾಲು ಜನ ಕಂಪನಿ ಕೊಟ್ಟ ಸದ್ದುಗಳನ್ನೇ ಬಳಸಿದರು.

ನನ್ನ ಪ್ರಶ್ನೆಗೆ ಇದು ಸೋಲುವ ಯಂತ್ರ. 'ಮಂಕು ಮಾಡು' ಅಂದರೆ ಆರರಲ್ಲಿ ಯಾವ ಆಪರೇಟರ್ ಇಳಿಸಬೇಕು?

ಆದರೆ ಒಂದು ಉಪಾಯ ಇದೆ, ಇದನ್ನು ಕಂಡುಕೊಂಡ ದಿನ ನನಗೆ ಬಹಳ ಖುಷಿಯಾಗಿತ್ತು. ಡೆಕ್ಸ್‌ಡ್ ಅನ್ನುವ ಉಚಿತ ಪ್ಲಗಿನ್‌ನಲ್ಲಿ ಡಿಎಕ್ಸ್7 ಪೂರ್ತಿ ಇದೆ. ಅದರಲ್ಲಿ ನಾಲ್ಕು ಆಪರೇಟರ್ ಆಫ್ ಮಾಡಿಬಿಡಿ. ಉಳಿದ ಎರಡರಲ್ಲಿ ಒಂದು ಇನ್ನೊಂದನ್ನು ಅಲುಗಿಸಲಿ. ಕೇಳುವುದರ ಅನುಪಾತ 1, ಅಲುಗಿಸುವುದರದ್ದು 1.4. ಎರಡಕ್ಕೂ ತಟ್ಟನೆ ಏರಿ ನಿಧಾನ ಆರುವ ಎನ್ವಲಪ್, ಅಲುಗಿಸುವುದು ಸ್ವಲ್ಪ ಬೇಗ ಆರಲಿ. ದೇವಸ್ಥಾನದ ಗಂಟೆ ಸಿಕ್ಕಿತು. ಅನುಪಾತ 1.4ರಿಂದ 2ಕ್ಕೆ ತಂದ ಕೂಡಲೇ ಗಂಟೆ ಹೋಗಿ ಸಾಧಾರಣ ಸ್ವರ ಆಗುತ್ತದೆ. ಮಂಕು ಮಾಡಬೇಕಾ? ಅಲುಗಿಸುವುದರ ಮಟ್ಟ ಇಳಿಸಿ, ಅದೊಂದೇ. ಕಷ್ಟದ ಯಂತ್ರವನ್ನೂ ಹೀಗೆ ಎರಡು ಅಂಗಕ್ಕೆ ಇಳಿಸಿಕೊಂಡರೆ ಅದು ಕೈ ಮಾತು ಕೇಳುತ್ತದೆ. ದುಡ್ಡೂ ಖರ್ಚಿಲ್ಲ.

ವೈಟಲ್, ಸರ್ಜ್ ಮತ್ತು ಲ್ಯಾಪ್‌ಟಾಪ್

ಹೆಚ್ಚಿನ ಹುಡುಗರು ಶುರು ಮಾಡುವುದು ಇಲ್ಲಿಂದಲೇ, ಅದರಲ್ಲಿ ತಪ್ಪೇನಿಲ್ಲ. ವೈಟಲ್ ಅನ್ನುವ ಸಾಫ್ಟ್‌ವೇರ್ ಸಿಂಥ್ 2020ರಲ್ಲಿ ಬಂತು, ಮೂಲ ಆವೃತ್ತಿ ಉಚಿತ. ಮೂರು ವೇವ್‌ಟೇಬಲ್ ಆಸಿಲೇಟರ್ (ಅಲೆಗಳ ಒಂದು ಸಾಲಿನಿಂದ ಸದ್ದು ತೆಗೆಯುವವು), ರೆಕಾರ್ಡ್ ಮಾಡಿದ ಸದ್ದು ನುಡಿಸುವ ಒಂದು ಸ್ಯಾಂಪಲರ್, ಎಲ್‌ಎಫ್‌ಒಗಳ ಸಾಲು. ಯಾವುದನ್ನು ಎಳೆದು ಯಾವುದಕ್ಕೆ ಬೇಕಾದರೂ ಕಟ್ಟಬಹುದು. ಏನು ಏನನ್ನು ಅಲುಗಿಸುತ್ತಿದೆ ಅಂತ ಪರದೆಯ ಮೇಲೆ ಓಡಾಡುತ್ತಾ ಕಾಣುತ್ತದೆ, ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಸರ್ಜ್ ಎಕ್ಸ್‌ಟಿ ಕೂಡ ಉಚಿತ, ಅದರ ಒಳಗಿನ ಕೋಡ್ 2018ರಿಂದ ಎಲ್ಲರಿಗೂ ತೆರೆದಿದೆ. ಸದ್ದಿನ ಬಗೆಗಳು ಅದರಲ್ಲಿ ಇನ್ನೂ ಜಾಸ್ತಿ, ಮುಖ ಮಾತ್ರ ಒತ್ತೊತ್ತಾಗಿದೆ. ಎರಡರಲ್ಲಿ ಹೊಸಬರಿಗೆ ವೈಟಲ್ ಅಂತಲೇ ಹೇಳುತ್ತೇನೆ.

ಸಮಸ್ಯೆ ಇರುವುದು ಪ್ರೀಸೆಟ್‌ನಲ್ಲಿ. ತೀರ್ಥಹಳ್ಳಿ ಕಡೆಯ ಒಬ್ಬಳು ಹುಡುಗಿ, ಇಲ್ಲಿ ಕಾಲೇಜು ಓದುತ್ತಾ ಕಿರುಚಿತ್ರ ಮಾಡುತ್ತಿದ್ದಾಳೆ, ಲ್ಯಾಪ್‌ಟಾಪ್ ತಗೊಂಡು ಬಂದಿದ್ದಳು. ಅಜ್ಜಿ ಒಬ್ಬರೇ ಕೂತಿರುವ ಒಂದು ಶಾಟ್, ಒಂದೂವರೆ ನಿಮಿಷ. ಅದಕ್ಕೆ ಹಾಕಿದ್ದ ಪ್ರೀಸೆಟ್ ಸಮುದ್ರದಷ್ಟು ದೊಡ್ಡದು.

'ಅಜ್ಜಿ ಕಾಣ್ತಾನೇ ಇಲ್ಲ ಅಣ್ಣ, ಸದ್ದೇ ಕಾಣ್ತದೆ' ಅಂದಳು. ಅವಳ ಕಿವಿ ಸರಿಯಾಗಿಯೇ ಇತ್ತು, ಎಲ್ಲಿ ಕೈ ಹಾಕಬೇಕು ಅಂತ ಗೊತ್ತಿರಲಿಲ್ಲ ಅಷ್ಟೇ.

ಇನಿಟ್ ಪ್ರೀಸೆಟ್, ಅಂದರೆ ಏನೂ ಸೇರಿಸದ ಮೊದಲ ಸದ್ದು, ತೆರೆಸಿದೆ. ಒಂದು ಆಸಿಲೇಟರ್, ತ್ರಿಕೋನ ಅಲೆ. ಅಟ್ಯಾಕ್ 3 ಸೆಕೆಂಡ್. ಫಿಲ್ಟರ್ ಬಹುಪಾಲು ಮುಚ್ಚಿದ್ದು. ಒಂದು ಎಲ್‌ಎಫ್‌ಒ, 8 ಸೆಕೆಂಡಿಗೆ ಒಂದು ಸುತ್ತು, ಕಟಾಫ್‌ಗೆ ಮಾತ್ರ, ಅದೂ ಚೂರೇ ಚೂರು. ಸ್ವರ ಒಂದೇ. ಶಾಟ್ ಓಡಿಸಿದಳು. ಅಜ್ಜಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುವುದು ಆಗ ಕಣ್ಣಿಗೆ ಬಿತ್ತು. ಮೊದಲೂ ಅದು ಅಲ್ಲೇ ಇತ್ತು. ಅವಳು ಸುಮಾರು ಹೊತ್ತು ಮಾತಾಡಲಿಲ್ಲ, ಮತ್ತೆ ಎರಡು ಸಲ ಓಡಿಸಿದಳು.

ಅವಳು ಹೊಸದೇನೂ ಕೊಳ್ಳಲಿಲ್ಲ. ವೈಟಲ್ ಇಟ್ಟುಕೊಂಡೇ ಒಂದು ಕಟ್ಟುಪಾಡು ಹಾಕಿಕೊಂಡಳು: ಒಂದು ಆಸಿಲೇಟರ್‌ನಲ್ಲಿ ಆಗುವುದಿಲ್ಲ ಅಂತ ಕಿವಿಯೇ ಹೇಳುವವರೆಗೆ ಎರಡನೆಯದನ್ನು ಒತ್ತುವುದಿಲ್ಲ. ಸಾಫ್ಟ್‌ವೇರ್ ಆರಿಸುವವರೆಲ್ಲ ಇದನ್ನು ಮಾಡಿ. ಯಂತ್ರದಲ್ಲಿ ಆ ಮಿತಿ ಕಬ್ಬಿಣದಲ್ಲೇ ಇರುತ್ತದೆ, ಲ್ಯಾಪ್‌ಟಾಪಿನಲ್ಲಿ ನಾವೇ ಹಾಕಿಕೊಳ್ಳಬೇಕು. ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ನನ್ನ ಲೆಕ್ಕದಲ್ಲಿ ಇಷ್ಟೇ.

ಮಾಡ್ಯುಲರ್ ಬಗ್ಗೆ ಎರಡೇ ಮಾತು. ತಂತಿಗಳನ್ನು ಚುಚ್ಚಿ ಸದ್ದಿನ ದಾರಿಯನ್ನೇ ಕಟ್ಟುವ ಆ ದೊಡ್ಡ ಮೂಗ್ ಯಂತ್ರ 1969ರಲ್ಲೇ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಬಂದಿತ್ತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಕೂರಿಸಿದ್ದರು. ಆಸೆ ಇದ್ದರೆ ಮೊದಲು ವಿಸಿವಿ ರ‍್ಯಾಕ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಹಾಕಿಕೊಂಡು ಆಡಿ ನೋಡಿ. ತಾಲೀಮಿನ ಕೆಲಸಕ್ಕೆ ಅದನ್ನು ಒಯ್ಯಬೇಡಿ.

ಹಾಗಾದರೆ ಯಾರಿಗೆ ಯಾವುದು

ನಾಟಕದವರಿಗೆ, ನಿರ್ದೇಶಕರ ಎದುರು ಕೂತು ತಿದ್ದಬೇಕಾದವರಿಗೆ ಒಂಟಿ ಆಸಿಲೇಟರ್‌ನ ಯಂತ್ರವೇ ಸರಿ. ಕೈಗೊಂದು ಸ್ಲೈಡರ್ ಸಿಗುವುದು ಮೌಸ್‌ಗಿಂತ ಬೇಗ. ಕಿರುಚಿತ್ರದವರು, ಮನೆಯಲ್ಲಿ ಕೂತು ರಾತ್ರಿ ಕೆಲಸ ಮಾಡುವವರು ದುಡ್ಡು ಖರ್ಚು ಮಾಡಬೇಡಿ. ಟೈರೆಲ್ ಅಥವಾ ವೈಟಲ್ ಸಾಕು, ಉಳಿದ ದುಡ್ಡಲ್ಲಿ ಒಳ್ಳೆ ಹೆಡ್‌ಫೋನ್ ತಗೊಳ್ಳಿ. ಹಾಡಿಗೆ ಹಿನ್ನೆಲೆ ಮಾಡುವವರಿಗೆ ಜೂನೋ ಬಗೆ. ಗಂಟೆ, ಜಾಗಟೆ ಬೇಕಾದ ದಿನ ಡೆಕ್ಸ್‌ಡ್ ತೆರೆಯಿರಿ, ಕೆಲಸ ಮುಗಿದ ಮೇಲೆ ಮುಚ್ಚಿ. ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಕಡಿಮೆ ನಾಬ್ ಇರುವುದನ್ನೇ ತಗೊಳ್ಳಿ. ಸಾಲದಿದ್ದರೆ ಆರು ತಿಂಗಳಲ್ಲಿ ಗೊತ್ತಾಗುತ್ತದೆ, ಯಾವ ಕಡೆ ಸಾಲದು ಅನ್ನುವುದೂ ಗೊತ್ತಾಗಿರುತ್ತದೆ. ಜಾಸ್ತಿ ಇರುವುದನ್ನು ತಗೊಂಡರೆ ಅದು ತಿಳಿಯುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವುದಿದ್ದರೆ ಹೆಡ್‌ಫೋನ್ ಒಯ್ದು ನೋಡಿ. ಒಂದು ಸ್ವರ ಹಿಡಿದು ಪ್ರತಿ ಸ್ಲೈಡರನ್ನೂ ನಿಧಾನ ಮೇಲೆ ಕೆಳಗೆ ಮಾಡಿ. ಕರಕರ ಅಂದರೆ ಒಳಗೆ ದೂಳು ಇಲ್ಲವೇ ತುಕ್ಕು. ಬೆಂಗಳೂರಿನಿಂದ ತಂದ ಯಂತ್ರ ಇಲ್ಲಿಗೆ ಬಂದ ಮೇಲೆ ಅದರ ಆರೈಕೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಯಂತ್ರ ಬಿಡುತ್ತದಾ? ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ನೀಲಿ ಕಾಳು ಗುಲಾಬಿಗೆ ತಿರುಗಿದರೆ ಬದಲಿಸಿ. ಬಳಸದ ದಿನಗಳಲ್ಲಿ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ತಗಡು ತಿಂದುಹಾಕುತ್ತದೆ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಅರ್ಧ ಗಂಟೆ ನುಡಿಸಿ, ಪ್ರತಿ ನಾಬನ್ನೂ ಒಂದು ಸುತ್ತು ತಿರುಗಿಸಿಡಿ.